ಹೈಪರ್‌ಬೇರಿಕ್ ಆಕ್ಸಿಜನ್: 40 ಸಿಟ್ಟಿಂಗ್ ಮುಗಿಸಿ ವರ್ಷವಾದ ಮೇಲೆ

ಒತ್ತಡ ಹೆಚ್ಚಿಸಿದ ಚೇಂಬರ್‌ನಲ್ಲಿ ಮಲಗಿಸಿ ಶುದ್ಧ ಆಕ್ಸಿಜನ್ ಕೊಡೋ ಈ ಚಿಕಿತ್ಸೆಗೆ ಐದಕ್ಕೆ ನಾಲ್ಕು ಕೊಡ್ತೀನಿ. ಅದರಲ್ಲಿ ಎರಡು ಚೇಂಬರ್‌ಗೆ, ಎರಡು ಹೊರಗೆ ಕೂತಿದ್ದ ಸಿಸ್ಟರ್‌ಗೆ. ಉಳಿದ ಒಂದು ಯಾಕೆ ಹೋಯ್ತು ಅಂತ ಮುಂದೆ ಹೇಳ್ತೀನಿ.

ನನ್ನದು ಹಳೇ ಸಕ್ಕರೆ ಕಾಯಿಲೆ. ಎಡಗಾಲ ಹೆಬ್ಬೆರಳ ಬುಡದಲ್ಲಿ ಗಾಯವಾಗಿ, ಸೋಂಕು ಮೂಳೆ ತನಕ ಇಳಿದಿತ್ತು. ಸತ್ತ ಮಾಂಸ ತೆಗೆಯೋದು, ಆಂಟಿಬಯಾಟಿಕ್, ಗಾಯದ ಮೇಲೆ ಭಾರ ಬೀಳದ ಪಾದರಕ್ಷೆ, ಎಲ್ಲಾ ನಡೀತಾನೇ ಇತ್ತು. ಚೇಂಬರ್ ಇವುಗಳ ಜೊತೆಗೆ, ಇವುಗಳ ಬದಲಿಗಲ್ಲ. ವಾರಕ್ಕೆ ಐದು ದಿನ, ಒಟ್ಟು 40 ಸಿಟ್ಟಿಂಗ್. ಪಾರದರ್ಶಕ ಕೊಳವೆಯೊಳಗೆ ಮಲಗಿಸಿ, ಮಾಮೂಲಿ ವಾತಾವರಣದ 2.4 ಪಟ್ಟು ಒತ್ತಡದಲ್ಲಿ 90 ನಿಮಿಷ ಶುದ್ಧ ಆಕ್ಸಿಜನ್ ಕೊಡ್ತಾರೆ. ಸಮುದ್ರದಲ್ಲಿ ಸುಮಾರು 14 ಮೀಟರ್ ಕೆಳಗಿಳಿದ ಹಾಗೆ. ಮಧ್ಯೆ ಐದೈದು ನಿಮಿಷ ಮಾಸ್ಕ್ ಹಾಕ್ಕೋಬೇಕು. ಮಾಸ್ಕ್‌ನಲ್ಲಿ ಬರೋದೇ ಆಕ್ಸಿಜನ್ ಅಂದ್ಕೊಂಡಿದ್ದೆ. ಉಲ್ಟಾ! ಕೊಳವೆ ತುಂಬ ಆಕ್ಸಿಜನ್, ಮಾಸ್ಕ್‌ನಲ್ಲಿ ಬರೋದು ಬರೀ ಗಾಳಿ. ಒಂದೇ ಸಮ ಅಷ್ಟು ಒತ್ತಡದಲ್ಲಿ ಆಕ್ಸಿಜನ್ ಎಳೆದರೆ ಅಪರೂಪಕ್ಕೆ ಫಿಟ್ಸ್ ಬರಬಹುದಂತೆ, ಅದಕ್ಕೇ ಈ ಬಿಡುವು.

ನಿಜವಾದ ಪರೀಕ್ಷೆ ಇರೋದು ಮೊದಲ ಹತ್ತು ಹದಿನೈದು ನಿಮಿಷದಲ್ಲಿ. ಒತ್ತಡ ಏರುತ್ತಿದ್ದ ಹಾಗೆ ಒಳಗೆ ಸೆಕೆ, ಕಿವಿ ಗಪ್ಪಂತ ಮುಚ್ಚಿಕೊಳ್ಳುತ್ತೆ. ಸಿಸ್ಟರ್ ಕೊಳವೆಗೆ ಮುಖ ತಾಗೋ ಅಷ್ಟು ಹತ್ತಿರ ಬಂದು, ತಾವೂ ಮೂಗು ಹಿಡಿದುಕೊಂಡು ಮೆಲ್ಲಗೆ ಊದಿ ತೋರಿಸೋರು. ಉಗುಳು ನುಂಗಿ, ದವಡೆ ಆಡಿಸಿ ಅಂತ ಸನ್ನೆ ಮಾಡೋರು. "ಜೋರಾಗಿ ಊದಬೇಡಿ ಸರ್. ನೋವು ಬರೋ ತನಕ ಕಾಯಬೇಡಿ, ಬಿಗಿ ಅನ್ಸಿದ ತಕ್ಷಣ ಕೈ ಎತ್ತಿ, ನಿಲ್ಲಿಸ್ತೀನಿ" ಅಂತ ಮೊದಲ ದಿನವೇ ಹೇಳಿದ್ದರು. ಎತ್ತಿದಾಗಲೆಲ್ಲ ನಿಲ್ಲಿಸಿದರು ಕೂಡ.

ಮೂರನೇ ದಿನ ಎದೆ ಹೊಡ್ಕೊಳ್ಳೋಕೆ ಶುರುವಾಗಿ "ಬಾಗಿಲು ತೆಗೀರಿ" ಅಂತ ಕೂಗಿದ್ದೆ. ಬಾಗಿಲು ಹಾಗೆಲ್ಲ ತೆಗೆಯೋಕಾಗಲ್ಲ, ಒತ್ತಡ ನಿಧಾನಕ್ಕೇ ಇಳಿಸಬೇಕು. "ಏನೂ ಆಗಲ್ಲ" ಅನ್ನಲಿಲ್ಲ ಅವರು. "ಇಳಿಸ್ತಾ ಇದ್ದೀನಿ, ಇನ್ನು ಎಂಟು ನಿಮಿಷ... ಈಗ ಏಳು" ಅಂತ ಮೈಕ್‌ನಲ್ಲಿ ಎಣಿಸಿದರು. ನಾಲ್ಕಕ್ಕೆ ಬರೋ ಹೊತ್ತಿಗೆ ನನ್ನ ಉಸಿರು ಹತೋಟಿಗೆ ಬಂದಿತ್ತು. ಮರುದಿನ ನಾನೇ ಹೋಗಿ ಮಲಗಿದೆ.

ಒಳಗೆ ಹೋಗೋ ಮುಂಚೆ ದಿನಾ ತಪಾಸಣೆ. ಅವರು ಕೊಟ್ಟ ಹತ್ತಿ ಬಟ್ಟೆ ಮಾತ್ರ, ಫೋನ್ ಇಲ್ಲ, ವಾಚ್ ಇಲ್ಲ, ಮೈಗೆ ಕ್ರೀಮ್, ತಲೆಗೆ ಎಣ್ಣೆ ಇಲ್ಲ. ಆ ಆಕ್ಸಿಜನ್‌ನಲ್ಲಿ ಒಂದು ಕಿಡಿ ಸಾಕು. ಅಪ್ಪಿತಪ್ಪಿ ತಲೆಗೆ ಎಣ್ಣೆ ಹಚ್ಚಿಕೊಂಡು ಹೋದ ದಿನ ವಾಪಸ್ ಕಳಿಸಿದರು, ನನಗೂ ಸಿಟ್ಟು ಬಂತು. ಶುಗರ್ ಕೂಡ ಪ್ರತಿ ಸಲ ನೋಡ್ತಾರೆ, ಚೇಂಬರ್‌ನಲ್ಲಿ ಅದು ಇಳಿಯಬಹುದು. ಒಂದು ದಿನ 96 ಇತ್ತು. ತಿನ್ನಿಸಿ, ಕಾಯಿಸಿ, ಮತ್ತೆ ಚುಚ್ಚಿ ನೋಡಿಯೇ ಒಳಗೆ ಬಿಟ್ಟರು. ಒಳಗೆ ಬೆವರಿ ತಲೆ ಸುತ್ತಿದರೆ ಯಾರ ಕೈಯೂ ತಲುಪಲ್ಲ ನೋಡಿ.

ಈಗ ಹೋದ ಆ ಒಂದು ಅಂಕ. 17ನೇ ಸಿಟ್ಟಿಂಗ್ ದಿನ ನಮ್ಮ ಸಿಸ್ಟರ್‌ಗೆ ರಜ, ಬೇರೆಯವರಿದ್ದರು. ಹೊರಗೆ ಇನ್ನೊಬ್ಬ ಪೇಷಂಟ್ ಕಾಯ್ತಿದ್ದರು, ಅವಸರ. ನಾನು ಕೈ ಎತ್ತಿದೆ, ಅವರು ರಿಜಿಸ್ಟರ್ ಬರೀತಾ ಇದ್ದರು. ಗಾಜು ತಟ್ಟಿದ ಮೇಲೆ ತಿರುಗಿದರು. ಅಷ್ಟರಲ್ಲಿ ಬಲಗಿವಿಯಲ್ಲಿ ಚಳಕ್ ಅಂತು. ಕಿವಿ ತಮಟೆಯ ಹಿಂದೆ ರಕ್ತ ಕಟ್ಟಿತ್ತು, ಒಂದು ವಾರ ಚಿಕಿತ್ಸೆ ನಿಂತುಹೋಯ್ತು. ತಪ್ಪು ಅವರೊಬ್ಬರದ್ದೇ ಅನ್ನಲಾರೆ. ಎರಡು ಕೆಲಸಕ್ಕೆ ಒಬ್ಬರನ್ನೇ ಕೂರಿಸಿದ್ದು ಆಡಳಿತದವರು. ದೂರು ಬರೆದುಕೊಟ್ಟೆ. ಆಮೇಲೆ, ಒತ್ತಡ ಏರಿಸುವಾಗ ರಿಜಿಸ್ಟರ್ ಮುಟ್ಟೋ ಹಾಗಿಲ್ಲ ಅಂತ ಮಾಡಿದರು.

ಒಂದು ತಮಾಷೆ. ಮೂವತ್ತನೇ ಸಿಟ್ಟಿಂಗ್ ಆಸುಪಾಸಿಗೆ ಕನ್ನಡಕವಿಲ್ಲದೆ ಪೇಪರ್ ಓದೋಕೆ ಶುರು ಮಾಡಿದೆ. ಕಣ್ಣೂ ಸರಿಹೋಯ್ತು ಅಂತ ಖುಷಿಪಟ್ಟೆ. ಸಿಸ್ಟರ್ ನಕ್ಕು, "ದೂರದ ಬೋರ್ಡ್ ಓದಿ ನೋಡೋಣ" ಅಂದರು. ಮಸಕು! ಹತ್ತಿರದ್ದು ಕಂಡು ದೂರದ್ದು ಮಂಜಾಗೋದು ಈ ಚಿಕಿತ್ಸೆಯ ತಾತ್ಕಾಲಿಕ ಪರಿಣಾಮವಂತೆ, ಹೊಸ ಕನ್ನಡಕಕ್ಕೆ ದುಡ್ಡು ಹಾಕಬೇಡಿ ಅಂದರು. ಮುಗಿಸಿದ ಎರಡು ತಿಂಗಳಿಗೆ ಮೊದಲಿನ ಹಾಗೇ ಆಯ್ತು.

ಗಾಯದ ವಿಷಯ: ಹತ್ತು ಸಿಟ್ಟಿಂಗ್ ತನಕ ಏನೇನೂ ಕಾಣಲಿಲ್ಲ. ವಾರಕ್ಕೊಮ್ಮೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೀತಿದ್ದರು, ಅದನ್ನು ನೋಡಿದ್ದಕ್ಕೇ ಮಧ್ಯದಲ್ಲಿ ಬಿಟ್ಟು ಬರಲಿಲ್ಲ. ಇಪ್ಪತ್ತು ದಾಟಿದ ಮೇಲೆ ಬೂದು ತಳದಲ್ಲಿ ಕೆಂಪು ಮಾಂಸ ಚುಕ್ಕಿ ಚುಕ್ಕಿಯಾಗಿ ಎದ್ದಿತು. 40 ಮುಗಿದಾಗಲೂ ಪೂರ್ತಿ ಮುಚ್ಚಿರಲಿಲ್ಲ, ಇನ್ನೆರಡು ತಿಂಗಳು ಡ್ರೆಸಿಂಗ್ ಬೇಕಾಯ್ತು. ಬೆರಳು ಉಳೀತು. ನನ್ನ ಜೊತೆಗೇ ಶುರು ಮಾಡಿದ ಇನ್ನೊಬ್ಬರಿಗೆ ಅಷ್ಟೇ ಸಿಟ್ಟಿಂಗ್ ಆದರೂ ಉಳೀಲಿಲ್ಲ.

ಕೊನೇ ದಿನ ಸಿಸ್ಟರ್ ಪುಟ್ಟ ಕನ್ನಡಿ ನೆಲದ ಮೇಲಿಟ್ಟು, ಪಾದದ ಅಡಿ ಹೇಗೆ ನೋಡ್ಕೋಬೇಕು ಅಂತ ತೋರಿಸಿಕೊಟ್ಟರು. ಈಗಲೂ ರಾತ್ರಿ ಮಲಗೋ ಮುಂಚೆ ನೋಡ್ಕೋತೀನಿ.