ಹೆಡ್‌ಫೋನ್ ಪ್ಯಾಡ್ ಬದಲಿಸುವ ಮುಂಚೆ ಇದನ್ನೊಮ್ಮೆ ಓದಿ: ನನ್ನ ಮದ್ದಳೆ ಕಳೆದುಹೋದ ಕಥೆ

ಹೆಡ್‌ಫೋನಿನ ಪ್ಯಾಡ್ ಸಿಪ್ಪೆ ಎದ್ದಿದೆ, ಅಗ್ಗಕ್ಕೆ ಒಂದು ಜೊತೆ ತರಿಸಿ ಹಾಕಿಬಿಡೋಣ ಅಂತ ಇದ್ದೀರಾ? ಸ್ವಲ್ಪ ತಡೆಯಿರಿ. ನಾನು ಅದನ್ನೇ ಮಾಡಿ, ನಾಲ್ಕು ಗಂಟೆಯ ತಾಳಮದ್ದಳೆಯೊಂದರ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ರೆಕಾರ್ಡಿಂಗನ್ನು ಪೂರ್ತಿ ಕೆಡಿಸಿ, ಅದರಲ್ಲಿ ಹಾಡಿದ ಭಾಗವತರಿಂದ ಬೈಗುಳ ತಿಂದು ಈಗ ಬರೆಯುತ್ತಿದ್ದೇನೆ.

ನಾನಿರುವುದು ಉಡುಪಿ ಕಡೆ. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ. ರೆಕಾರ್ಡಿಂಗ್ ಹುಚ್ಚು ಮಾತ್ರ. ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಕಳೆದು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ನಮ್ಮಲ್ಲಿ ತಾಳಮದ್ದಳೆಯ ಕಾಲ. ಹೊರಗೆ ಮಳೆ, ಒಳಗೆ ಭಾಗವತಿಕೆಯ ಹಾಡು, ಚೆಂಡೆ, ಕೈಯಲ್ಲಿ ಬಾರಿಸುವ ಮದ್ದಳೆ, ಮತ್ತೆ ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳ ವಾದ. ನಾಲ್ಕೈದು ಮೈಕ್ ಇಟ್ಟು ರೆಕಾರ್ಡ್ ಮಾಡಿಕೊಂಡು ಬಂದು, ಮಕ್ಕಳು ಮಲಗಿದ ಮೇಲೆ ಕೂತು ಮಿಕ್ಸ್ ಮಾಡುತ್ತೇನೆ, ಅಂದರೆ ಎಲ್ಲ ಮೈಕಿನ ಸದ್ದನ್ನು ಹದವಾಗಿ ಸೇರಿಸುತ್ತೇನೆ. ಸ್ಪೀಕರ್ ಹಾಕುವ ಹಾಗಿಲ್ಲ, ಪಕ್ಕದ ಕೋಣೆಗೆ ಕೇಳುತ್ತದೆ. ಹಾಗಾಗಿ ಎಲ್ಲವೂ ಹೆಡ್‌ಫೋನಿನಲ್ಲೇ. ಈ ಮಾತು ನೆನಪಿರಲಿ.

ಹೆಡ್‌ಫೋನ್ ಒಳ್ಳೆಯದೇ. ಹಿಂಬದಿ ಮುಚ್ಚಿರುವ ಸ್ಟುಡಿಯೋ ಮಾದರಿ. ಕಂಪನಿ ಹೆಸರು ಬೇಡ, ತಪ್ಪು ಅದರದ್ದಲ್ಲ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಪ್ಯಾಡಿನ ಮೇಲಿನ ಕೃತಕ ಚರ್ಮ ಉದುರತೊಡಗಿತು. ಪ್ರತಿ ಸಲ ತೆಗೆದಾಗ ಕಿವಿ ಸುತ್ತ ಕರಿ ಚಕ್ಕೆ. "ಕಿವಿಗೂ ಕಾಡಿಗೆ ಹಚ್ಚಲಿಕ್ಕೆ ಶುರು ಮಾಡಿದ್ರಾ?" ಅಂತ ಮನೆಯವಳು ಕೇಳಿದಳು. ಈ ಚರ್ಮ ಅಂದರೆ ಬಟ್ಟೆಯ ಮೇಲೆ ಪಾಲಿಯುರೆಥೇನ್ ಪದರ. ಗಾಳಿಯ ತೇವವೇ ಅದನ್ನು ನಿಧಾನಕ್ಕೆ ಒಡೆಯುತ್ತದೆ, ಬೆವರು ಸೇರಿದರೆ ಇನ್ನೂ ಬೇಗ. ಕರಾವಳಿಯಲ್ಲಿ ಎರಡೂ ಧಾರಾಳ.

ಕಂಪನಿಯ ಅಸಲಿ ಪ್ಯಾಡ್ ಒಂದು ಜೊತೆಗೆ 2,800 ರೂಪಾಯಿ. ಅದರ ಪಕ್ಕದಲ್ಲೇ ಇನ್ನೊಂದು ಜೊತೆ 650ಕ್ಕೆ ಇತ್ತು. ಮೆಮರಿ ಫೋಮ್, ತಂಪು ಜೆಲ್, ದಪ್ಪವೂ ಜಾಸ್ತಿ. ವಿಮರ್ಶೆಗಳನ್ನೂ ಓದಿದೆ. ಎಲ್ಲರದ್ದೂ ಒಂದೇ ಮಾತು: ಬಹಳ ಆರಾಮ, ಸೋಫಾದ ಹಾಗೆ ಇದೆ. ಸದ್ದು ಹೇಗಿದೆ ಅಂತ ಒಬ್ಬರೂ ಬರೆದಿರಲಿಲ್ಲ. ನನಗೂ ಆಗ ಆ ಪ್ರಶ್ನೆ ಹೊಳೆಯಲಿಲ್ಲ ನೋಡಿ. ಪ್ಯಾಡ್ ಅಂದರೆ ದಿಂಬು, ದಿಂಬಿಗೂ ಸದ್ದಿಗೂ ಏನು ಸಂಬಂಧ ಅಂದುಕೊಂಡವನು ನಾನು.

ಹಳೆಯದನ್ನು ಕಿತ್ತಾಗ ಒಳಗೆ ಡ್ರೈವರ್ (ಸದ್ದು ಹೊರಡಿಸುವ ಪುಟ್ಟ ಸ್ಪೀಕರ್) ಎದುರಿಗೆ ತೆಳ್ಳನೆಯ ಫೋಮಿನ ಬಿಲ್ಲೆ ಇತ್ತು. ಮುಟ್ಟಿದರೆ ಪುಡಿ ಆಗುವ ಸ್ಥಿತಿ. ಹೊಸ ಪ್ಯಾಡಿನಲ್ಲಿ ಬಟ್ಟೆಯ ಪರದೆ ಇದೆಯಲ್ಲ, ಇದು ಯಾಕೆ ಅಂತ ಕಸದ ಬುಟ್ಟಿಗೆ ಹಾಕಿದೆ. ಇದು ಎರಡನೇ ತಪ್ಪು.

ಹಾಕಿಕೊಂಡ ಕ್ಷಣ ಸ್ವರ್ಗ. ಸುಳ್ಳು ಹೇಳುವುದಿಲ್ಲ. ಕಿವಿ ಪೂರ್ತಿ ಒಳಗೆ ಹೋಯಿತು, ಕನ್ನಡಕದ ಕಡ್ಡಿ ಒತ್ತಲಿಲ್ಲ, ಮಳೆಯ ಸದ್ದು ಕೂಡ ಅರ್ಧ ಆಯಿತು. ಬೇಸ್ ಅಂತೂ ಎದೆಗೆ ಬಡಿಯುವ ಹಾಗೆ. ಹೆಡ್‌ಫೋನಿಗೆ ಮರುಜನ್ಮ ಬಂತು ಅಂತ ಸ್ನೇಹಿತರಿಬ್ಬರಿಗೆ ಲಿಂಕ್ ಕಳಿಸಿದೆ. ಅವರಲ್ಲೊಬ್ಬ ತರಿಸಿಯೂ ಬಿಟ್ಟ, ಪಾಪ.

ಅದೇ ವಾರ ಒಂದು ತಾಳಮದ್ದಳೆ ಕೂಟದ ಕೆಲಸ ಇತ್ತು. ಮಿಕ್ಸ್ ಮಾಡಲು ಕೂತರೆ ಮದ್ದಳೆಯ ಎಡಗೈ ಗುಂಯ್ ಗುಂಯ್ ಅಂತ ಎಲ್ಲವನ್ನೂ ನುಂಗುತ್ತಿತ್ತು. ಮೈಕ್ ಹತ್ತಿರ ಇಟ್ಟೆನೇನೋ ಅಂದುಕೊಂಡು 200 ಹರ್ಟ್ಸ್‌ನಿಂದ ಕೆಳಗೆ ಚೆನ್ನಾಗಿ ತಗ್ಗಿಸಿದೆ (ಹರ್ಟ್ಸ್ ಹೆಚ್ಚಿದಷ್ಟು ಸ್ವರ ಚೂಪು). ಭಾಗವತರ ಸ್ವರ ಎಲ್ಲೋ ಹಿಂದೆ, ಪಡಸಾಲೆಯಾಚೆ ಕೂತು ಹಾಡಿದ ಹಾಗೆ. 3 ಕಿಲೋಹರ್ಟ್ಸ್ ಆಸುಪಾಸು ಎತ್ತಿದೆ. ಚಕ್ರತಾಳದ ಲೋಹದ ಸದ್ದು ಕಿವಿಗೆ ಸೂಜಿ ಚುಚ್ಚಿದಂತೆ. 8 ಕಿಲೋಹರ್ಟ್ಸ್ ಹತ್ತಿರ ಅದನ್ನೂ ಕತ್ತರಿಸಿದೆ. ಮೂರು ರಾತ್ರಿ ಕೂತೆ. ಕೊನೆಗೆ ನನ್ನ ಕಿವಿಗೆ ಅದು ಬೆಣ್ಣೆಯ ಹಾಗೆ ಕೇಳಿಸಿತು. ಕಳಿಸಿದೆ.

ಮರುದಿನ ಬೆಳಿಗ್ಗೆಯೇ ಭಾಗವತರ ಫೋನ್.

"ಎಂತ ಮಾರಾಯ್ರೇ, ಮದ್ದಳೆಯವರಿಗೆ ಅಷ್ಟು ದೂರದಿಂದ ಕಾರು ಕಳಿಸಿ ಕರೆಸಿದ್ದು. ಅವರು ಬರಲೇ ಇಲ್ವಾ ಅಂತ ಕೇಳ್ತಾರೆ ಜನ."

"ಇಲ್ಲ ಭಾಗವತರೇ, ಇದೆ, ಸರಿಯಾಗಿ ಕೇಳಿ..."

"ನಾನು ಕಾರಲ್ಲಿ ಕೇಳಿದೆ, ಮನೆ ಟಿವಿಯಲ್ಲಿ ಕೇಳಿದೆ, ಮಗನ ಮೊಬೈಲಲ್ಲೂ ಕೇಳಿದೆ. ನನ್ನ ಸ್ವರ ಮೂಗಿಗೆ ಬಟ್ಟೆ ಕ್ಲಿಪ್ ಹಾಕಿ ಹಾಡಿದ ಹಾಗೆ ಉಂಟು. ತಾಳಕ್ಕೆ ಯಾರೋ ಕಂಬಳಿ ಹೊದೆಸಿದ್ದಾರೆ. ಚೆಂಡೆ ಒಂದು ಹೇಗೋ ಬಚಾವ್."

ಮೂರು ಕಡೆ ಒಂದೇ ದೋಷ ಕೇಳಿದರೆ ಮತ್ತೆ ವಾದ ಮಾಡುವುದರಲ್ಲಿ ಅರ್ಥ ಇಲ್ಲ. ಇಯರ್‌ಫೋನ್ ಹಾಕಿ ಕೇಳಿದೆ. ಅವರು ಹೇಳಿದ್ದು ಅಕ್ಷರಶಃ ಸರಿ. ಹೊಸ ಪ್ಯಾಡ್ ಎಲ್ಲೆಲ್ಲಿ ಉಬ್ಬಿಸಿತ್ತೋ ಅಲ್ಲೆಲ್ಲ ನಾನು ರೆಕಾರ್ಡಿಂಗನ್ನು ತಗ್ಗಿಸಿದ್ದೆ. ಅದು ಎಲ್ಲೆಲ್ಲಿ ತಗ್ಗಿಸಿತ್ತೋ ಅಲ್ಲೆಲ್ಲ ಉಬ್ಬಿಸಿದ್ದೆ. ಮೂರು ರಾತ್ರಿ ನಾನು ರಿಪೇರಿ ಮಾಡಿದ್ದು ತಾಳಮದ್ದಳೆಯನ್ನಲ್ಲ, 650 ರೂಪಾಯಿಯ ಪ್ಯಾಡನ್ನು.

ಮಾರಿದವರಿಗೆ ಬರೆದೆ. "ನಿಮ್ಮ ಮಾಡೆಲ್‌ಗೆ ನೂರಕ್ಕೆ ನೂರು ಹೊಂದುತ್ತದೆ ಸಾರ್, ಕೂತಿದೆಯಲ್ವಾ?" ಅಂತ ಉತ್ತರ. ಕೂತಿದೆ, ನಿಜ. ಹೊಂದುತ್ತದೆ ಅಂದರೆ ಅವರ ಲೆಕ್ಕದಲ್ಲಿ ಅಷ್ಟೇ. ವಾಪಸ್ ಮಾಡುವ ದಿನವೂ ಮುಗಿದಿತ್ತು.

ಆಮೇಲೆ ಛಲ ಬಂತು. ಸ್ಪೀಕರ್ ಅಳೆಯುವ ಸಣ್ಣ ಮೈಕ್ ಒಂದು ನನ್ನಲ್ಲಿತ್ತು. ಹಲಗೆಗೆ ಅದರ ಮೂತಿಯಷ್ಟೇ ತೂತು ಕೊರೆದು, ಮೇಲೆ ರಬ್ಬರ್ ಹಾಳೆ ಅಂಟಿಸಿ, ಹೆಡ್‌ಫೋನಿನ ಒಂದು ಕಪ್ ಅದರ ಮೇಲೆ ಕೂರಿಸಿದೆ. ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಕೆಳಗಿನಿಂದ ಮೇಲಿನ ತನಕ ಸ್ವರ ಓಡಿಸಿ ಗೆರೆ ಬಿಡಿಸಿಕೊಂಡೆ. ಹಲಗೆಗೆ ಕಿವಿಯ ಆಕಾರ ಇಲ್ಲ, ಹಾಗಾಗಿ ಆ ಗೆರೆಯನ್ನೇ ಹೆಡ್‌ಫೋನಿನ ನಿಜವಾದ ಸದ್ದು ಅಂತ ನಂಬಬಾರದು. ಆದರೆ ಎರಡು ಪ್ಯಾಡಿನ ನಡುವಿನ ವ್ಯತ್ಯಾಸ ನೋಡಲು ಅಷ್ಟು ಸಾಕು. ಕೂರಿಸುವಾಗ ಸ್ವಲ್ಪ ಸರಿದರೂ ಗೆರೆ ಬದಲಾಗುತ್ತದೆ, ಅದಕ್ಕೇ ಪ್ರತಿ ಪ್ಯಾಡನ್ನು ಐದೈದು ಸಲ ತೆಗೆದು ಇಟ್ಟು ಸರಾಸರಿ ತೆಗೆದೆ. ಈ ನಡುವೆ ಹಲ್ಲು ಕಚ್ಚಿ 2,800 ಕೊಟ್ಟು ಅಸಲಿ ಪ್ಯಾಡನ್ನೂ ತರಿಸಿದ್ದೆ. ಅದರಲ್ಲಿ ಫೋಮಿನ ಬಿಲ್ಲೆಯೂ ಇತ್ತು.

ಅಸಲಿಗೆ ಹೋಲಿಸಿದರೆ ದಪ್ಪ ಪ್ಯಾಡಿನಲ್ಲಿ 100 ಹರ್ಟ್ಸ್ ಹತ್ತಿರ ಸುಮಾರು 5 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಜಾಸ್ತಿ. 3 ಕಿಲೋಹರ್ಟ್ಸ್ ಹತ್ತಿರ 6 ಡೆಸಿಬೆಲ್ ಹಳ್ಳ. 8ರಿಂದ 9 ಕಿಲೋಹರ್ಟ್ಸ್ ನಡುವೆ 7 ಡೆಸಿಬೆಲ್ ಗೋಪುರ. ನಾನು ಮಿಕ್ಸ್‌ನಲ್ಲಿ ಎಳೆದಿದ್ದ ಈಕ್ವಲೈಸರ್ (ಬೇರೆ ಬೇರೆ ಸ್ವರವನ್ನು ಏರಿಸಿ ಇಳಿಸುವ ಸಾಧನ) ಗೆರೆಯನ್ನು ಪಕ್ಕದಲ್ಲಿಟ್ಟು ನೋಡಿದೆ. ಅಳೆದ ಗೆರೆಯನ್ನು ತಲೆಕೆಳಗು ಮಾಡಿದ ಹಾಗೇ ಇತ್ತು.

ಯಾಕೆ ಹೀಗಾಗುತ್ತದೆ? ಮುಚ್ಚಿದ ಹೆಡ್‌ಫೋನಿನಲ್ಲಿ ಡ್ರೈವರಿಗೂ ಕಿವಿಗೂ ನಡುವೆ ಸಣ್ಣ ಗಾಳಿಯ ಕೋಣೆ ಇದೆ. ಪ್ಯಾಡೇ ಅದರ ಗೋಡೆ. ತಗ್ಗು ಸ್ವರ ಕಿವಿಗೆ ಮುಟ್ಟಬೇಕಾದರೆ ಆ ಕೋಣೆಯ ಗಾಳಿ ಒತ್ತಿಕೊಳ್ಳಬೇಕು. ಸಂದು ಇದ್ದರೆ ಗಾಳಿ ಒತ್ತಿಕೊಳ್ಳುವ ಬದಲು ಹೊರಗೆ ನುಸುಳುತ್ತದೆ. ಕನ್ನಡಕದ ಕಡ್ಡಿ ಮಾಡುವ ಸಂದೂ ಸಾಕು. ನಂಬಿಕೆ ಇಲ್ಲದಿದ್ದರೆ ಬೇಸ್ ಇರುವ ಹಾಡು ಹಾಕಿ, ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ಕೇಳಿ. ನನ್ನ ಹೊಸ ಪ್ಯಾಡಿನ ಮೆತ್ತನೆಯ ಫೋಮ್ ಕನ್ನಡಕದ ಸುತ್ತಲೂ ಹಿಟ್ಟು ಮೆತ್ತಿದ ಹಾಗೆ ಕೂತು ಎಲ್ಲ ಸಂದು ಮುಚ್ಚಿತು. ಬೇಸ್ ಏರಿತು.

ಮೇಲಿನ ಸ್ವರಗಳ ಕಥೆ ಬೇರೆ. 100 ಹರ್ಟ್ಸ್‌ನ ಅಲೆ ಮೂರು ಮೀಟರಿಗಿಂತ ಉದ್ದ, ಅದಕ್ಕೆ ಪ್ಯಾಡಿನ ದಪ್ಪ ಒಂದು ಲೆಕ್ಕವೇ ಅಲ್ಲ. 8 ಕಿಲೋಹರ್ಟ್ಸ್‌ನ ಅಲೆ ನಾಲ್ಕು ಸೆಂಟಿಮೀಟರ್ ಚಿಲ್ಲರೆ. ಡ್ರೈವರ್ ಕಿವಿಯಿಂದ ಒಂದು ಸೆಂಟಿಮೀಟರ್ ಹಿಂದೆ ಸರಿದರೆ ಅಲೆಯ ಕಾಲು ಭಾಗ ಸರಿದ ಹಾಗೆ. ನೇರ ಬಂದ ಅಲೆಯೂ ಗೋಡೆಗೆ ಬಡಿದು ವಾಪಸ್ ಬಂದ ಅಲೆಯೂ ಎಲ್ಲಿ ಕೂಡಿಕೊಳ್ಳುತ್ತಿತ್ತೋ ಅಲ್ಲಿ ಕಳೆಯುತ್ತದೆ, ಎಲ್ಲಿ ಕಳೆಯುತ್ತಿತ್ತೋ ಅಲ್ಲಿ ಕೂಡುತ್ತದೆ. ಅದರ ಮೇಲೆ ಒಳಗೋಡೆಯ ಬಟ್ಟೆ. ಮಖಮಲ್ಲು, ತೂತಿನ ಚರ್ಮ, ಹೊದಿಕೆ ಇಲ್ಲದ ಫೋಮ್ ಇವೆಲ್ಲ ಚೂಪು ಸ್ವರವನ್ನು ಸ್ವಲ್ಪ ಕುಡಿಯುತ್ತವೆ. ನುಣುಪು ಚರ್ಮ, ಜೆಲ್ ವಾಪಸ್ ಎಸೆಯುತ್ತವೆ. ನಾನು ಬುಟ್ಟಿಗೆ ಹಾಕಿದ ಬಿಲ್ಲೆ ಅಲ್ಲಿದ್ದದ್ದು ಧೂಳು ತಡೆಯಲು ಮಾತ್ರ ಅಲ್ಲ, ಆ ಗೋಪುರವನ್ನು ಅದುಮಿಡಲು. ದಪ್ಪ ಪ್ಯಾಡಿನೊಳಗೆ ಹೊಸ ಬಿಲ್ಲೆ ಇಟ್ಟು ಅಳೆದಾಗ 7 ಡೆಸಿಬೆಲ್ ಗೋಪುರ 3ಕ್ಕೆ ಇಳಿಯಿತು.

ಇಲ್ಲಿಗೇ ನಿಲ್ಲಿಸಿದ್ದರೆ "ಅಗ್ಗದ ಪ್ಯಾಡ್ ಕೊಳ್ಳಬೇಡಿ" ಅಂತ ಹೇಳಿ ಮುಗಿಸುತ್ತಿದ್ದೆ. ಆದರೆ ಹಳೆಯ ಸಿಪ್ಪೆ ಎದ್ದ ಪ್ಯಾಡ್ ಇನ್ನೂ ಡಬ್ಬಿಯಲ್ಲಿತ್ತು. ಸುಮ್ನೆ ಅದನ್ನೂ ಹಲಗೆ ಮೇಲೆ ಇಟ್ಟು ಅಳೆದೆ. ಅಳೆಯಬಾರದಿತ್ತು.

ಅಸಲಿ ಹೊಸ ಪ್ಯಾಡಿಗಿಂತ ಅದರಲ್ಲಿ 100 ಹರ್ಟ್ಸ್‌ನಿಂದ ಕೆಳಗೆ 4 ಡೆಸಿಬೆಲ್ ಕಡಿಮೆ! ಚರ್ಮ ಬಿರಿದಿತ್ತು, ಫೋಮ್ ಚಪ್ಪಟೆ ಆಗಿತ್ತು, ಗಾಳಿ ಸೋರುತ್ತಿತ್ತು. ಒಂದೇ ದಿನದಲ್ಲಿ ಆಗಿದ್ದರೆ ಗೊತ್ತಾಗುತ್ತಿತ್ತು. ಮೂರು ವರ್ಷದಲ್ಲಿ ಚೂರು ಚೂರೇ ಇಳಿದದ್ದು, ಕಿವಿ ಅದಕ್ಕೇ ಒಗ್ಗಿಕೊಂಡಿತ್ತು. ಅಂದರೆ ನಾನು ಕಡಿಮೆ ಅಂದುಕೊಂಡು ಪ್ರತಿ ಮಿಕ್ಸ್‌ನಲ್ಲೂ ಮದ್ದಳೆಯನ್ನು ಸ್ವಲ್ಪ ಸ್ವಲ್ಪ ಎತ್ತುತ್ತಾ ಬಂದಿದ್ದೇನೆ. ದಪ್ಪ ಪ್ಯಾಡ್ ಹಾಕಿದಾಗ ಬೇಸ್ ಅಷ್ಟು ಬೆಚ್ಚಿಬೀಳಿಸಿದ್ದಕ್ಕೂ ಇದೇ ಕಾರಣ. ಹಳೆಯದರಿಂದ ಅದಕ್ಕೆ 9 ಡೆಸಿಬೆಲ್ ಜಿಗಿತ. ಸುಮಾರಾಗಿ 10 ಡೆಸಿಬೆಲ್ ಏರಿದರೆ ನಮ್ಮ ಕಿವಿಗೆ ಎರಡು ಪಟ್ಟು ಜೋರು ಅನ್ನಿಸುತ್ತದೆ.

ಹಾಗಾಗಿ ಎಚ್ಚರಿಕೆ ಬರೀ ಅಗ್ಗದ ಪ್ಯಾಡಿನ ಬಗ್ಗೆ ಅಲ್ಲ. ಹಳೆಯ ಅಸಲಿ ಪ್ಯಾಡನ್ನೂ ನಂಬಬೇಡಿ. ಬೇರೆ ಪ್ಯಾಡ್ ಹಾಕುವುದೇ ತಪ್ಪು ಅಂತಲೂ ನಾನು ಹೇಳುವುದಿಲ್ಲ. ಅಮೆರಿಕದ ಗ್ರಾಡೋ ಹೆಡ್‌ಫೋನ್ ಇಟ್ಟುಕೊಂಡವರು ಚಪ್ಪಟೆ ಪ್ಯಾಡ್ ಹಾಕಿ ಬೇಸ್ ಹೆಚ್ಚಿಸಿಕೊಳ್ಳುವುದು, ಬಟ್ಟಲಿನಾಕಾರದ್ದು ಹಾಕಿ ಸದ್ದನ್ನು ತೆರೆದುಕೊಳ್ಳುವುದು ಹಳೆಯ ಆಟ. ಗೊತ್ತಿದ್ದು ಮಾಡಿದರೆ ಅದೊಂದು ಈಕ್ವಲೈಸರ್ ಇದ್ದಂತೆ. ಗೊತ್ತಿಲ್ಲದೆ ಮಾಡಿದರೆ ನನ್ನ ಗತಿ. ಬೇಯರ್‌ಡೈನಾಮಿಕ್‌ನ ಡಿಟಿ 770 ಮತ್ತು ಡಿಟಿ 990ರ ಬೂದು ಮಖಮಲ್ ಪ್ಯಾಡುಗಳು ನೋಡಲು ಅಣ್ಣ ತಮ್ಮಂದಿರ ಹಾಗಿವೆ, ಅಳತೆಯೂ ಕೂರುತ್ತದೆ. ಆದರೆ ಕಂಪನಿ ಎರಡನ್ನೂ ಬೇರೆ ಬೇರೆ ಬಿಡಿಭಾಗ ಅಂತಲೇ ಮಾರುತ್ತದೆ. ಒಂದು ಮುಚ್ಚಿದ ಹೆಡ್‌ಫೋನ್, ಇನ್ನೊಂದು ತೆರೆದದ್ದು.

ಹೊರಗಿನ ಸದ್ದು ಅಡಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ನಿಮ್ಮದಾದರೆ ಇನ್ನೂ ಜಾಸ್ತಿ ಹುಷಾರು. ಇಂಥ ಹಲವದರಲ್ಲಿ ಕಪ್ಪಿನ ಒಳಗೇ ಒಂದು ಮೈಕ್ ಇರುತ್ತದೆ. ಅದು ಒಳಗಿನ ಸದ್ದನ್ನು ಕೇಳಿಸಿಕೊಂಡು ಎದುರು ಸದ್ದು ಹುಟ್ಟಿಸುವ ಲೆಕ್ಕ ಪೂರ್ತಿ ಅಸಲಿ ಪ್ಯಾಡಿನ ಮೇಲೆ ನಿಂತಿದೆ. ಗೋಡೆ ಬದಲಾದರೆ ಲೆಕ್ಕ ತಪ್ಪುತ್ತದೆ. ಬಸ್ಸಿನ ಗುಡುಗು ಮೊದಲಿನ ಹಾಗೆ ಅಡಗುವುದಿಲ್ಲ, ಕೆಲವೊಮ್ಮೆ ಕಪ್ ಒತ್ತಿದಾಗ ಕುಂಯ್ ಅಂತ ಕೂಗುತ್ತದೆ. ಇಂಟರ್ನೆಟ್ಟಿನಿಂದ ನಿಮ್ಮ ಮಾಡೆಲ್‌ನ ಈಕ್ವಲೈಸರ್ ಪ್ರೊಫೈಲ್ ಇಳಿಸಿಕೊಂಡು ಬಳಸುವವರೂ ಗಮನಿಸಿ. ಅದನ್ನು ಅಳೆದದ್ದು ಅಸಲಿ ಪ್ಯಾಡಿನಲ್ಲಿ, ಅದೂ ಚೆನ್ನಾಗಿರುವ ಪ್ಯಾಡಿನಲ್ಲಿ.

ಪ್ಯಾಡ್ ಸೋರುತ್ತಿದೆಯಾ ಅಂತ ನೋಡಲು ಹಲಗೆ, ಮೈಕ್ ಏನೂ ಬೇಡ. 50 ಹರ್ಟ್ಸ್ ಸ್ವರವನ್ನು ಮೆಲ್ಲಗೆ ಹಾಕಿ. ಎರಡೂ ಕಪ್ಪುಗಳನ್ನು ಕೈಯಿಂದ ಸ್ವಲ್ಪ ಒತ್ತಿ. ಒತ್ತಿದಾಗ ಸ್ವರ ಎದ್ದು ಬಂದು, ಬಿಟ್ಟಾಗ ಕುಸಿದರೆ ಎಲ್ಲೋ ಸಂದು ಇದೆ. ಆಮೇಲೆ ಒಬ್ಬರೇ ಮಾತಾಡುವ ಮೋನೋ ರೆಕಾರ್ಡಿಂಗ್ ಕೇಳಿ. ಸ್ವರ ತಲೆಯ ನಡುವೆ ಇರಬೇಕು. ಒಂದು ಕಡೆ ವಾಲಿದರೆ ಪ್ಯಾಡಿನ ಅಂಚು ಒಂದು ಕಡೆ ಸರಿಯಾಗಿ ಕೂತಿಲ್ಲ, ಅಥವಾ ಓರೆ ಪ್ಯಾಡುಗಳಲ್ಲಿ ಒಂದು ಹಿಂದು ಮುಂದಾಗಿ ಕೂತಿದೆ. ನನ್ನ ಸ್ನೇಹಿತನದು ಹಾಗೇ ಆಗಿತ್ತು, ಹದಿನೈದು ದಿನ ಅವನು ಕಿವಿ ಡಾಕ್ಟರ ಹತ್ತಿರ ಹೋಗುವ ಯೋಚನೆಯಲ್ಲಿದ್ದ.

ಬೇರೆ ಪ್ಯಾಡ್ ಹಾಕಲೇಬೇಕು ಅಂತಿದ್ದರೆ ದಪ್ಪ, ಒಳ ವ್ಯಾಸ, ಹೊದಿಕೆ ಮೂರೂ ಅಸಲಿಗೆ ಹತ್ತಿರ ಇರುವುದನ್ನು ನೋಡಿ. ಒಳಗಿನ ಬಿಲ್ಲೆ ಬಿಸಾಡಬೇಡಿ. ಚೆನ್ನಾಗಿ ಪರಿಚಯ ಇರುವ ನಾಲ್ಕು ಹಾಡನ್ನು ಬದಲಿಸುವ ಮುಂಚೆ ಮತ್ತು ಆಮೇಲೆ ಕೇಳಿ. ಒಂದು ವಾರದ ತನಕ ಯಾರಿಗೂ ಕೊಡುವ ಕೆಲಸ ಅದರಲ್ಲಿ ಮಾಡಬೇಡಿ. ಅಸಲಿ ಪ್ಯಾಡ್ ನಾಲ್ಕು ಜೊತೆ ಒಟ್ಟಿಗೆ ತಂದು ಕಪಾಟಿನಲ್ಲಿ ಇಡುತ್ತೇನೆ ಅನ್ನುವ ಬುದ್ಧಿವಂತಿಕೆಯೂ ನಮ್ಮೂರಿನಲ್ಲಿ ನಡೆಯುವುದಿಲ್ಲ. ಬಳಸದೆ ಇಟ್ಟರೂ ತೇವ ಅದನ್ನು ತಿನ್ನುತ್ತದೆ. ನಾನೀಗ ಹೆಡ್‌ಫೋನಿನ ಪಟ್ಟಿಗೆ ಒಂದು ತುಂಡು ಟೇಪ್ ಅಂಟಿಸಿ ಪ್ಯಾಡ್ ಹಾಕಿದ ತಾರೀಕು ಬರೆದಿದ್ದೇನೆ, ಔಷಧಿ ಬಾಟಲಿಯ ಹಾಗೆ.

ಕೂಟದ ಮಿಕ್ಸ್ ಮತ್ತೆ ಮಾಡಿಕೊಟ್ಟೆ. ಈ ಸಲ ಭಾಗವತರು ಫೋನ್ ಮಾಡಲಿಲ್ಲ, ಅದೇ ಶುಭ ಸಮಾಚಾರ ಅಂದುಕೊಂಡಿದ್ದೇನೆ. ಆದರೆ ಮೂರು ವರ್ಷದ ಹಳೆಯ ಕೆಲಸ ಹಾರ್ಡ್ ಡಿಸ್ಕಿನಲ್ಲಿ ಇದೆ. ಹೋದ ವರ್ಷ ನನ್ನ ಭಾವ ಹೇಳಿದ್ದರು, "ನಿನ್ನ ರೆಕಾರ್ಡಿಂಗ್ ಕಾರಲ್ಲಿ ಹಾಕಿದ್ರೆ ಮದ್ದಳೆ ಬಾಗಿಲು ನಡುಗಿಸ್ತದೆ ಮಾರಾಯ" ಅಂತ. ನಿಮ್ಮ ಕಾರಿನ ಸ್ಪೀಕರೇ ಸರಿ ಇಲ್ಲ ಭಾವ, ಬದಲಿಸಿ ಅಂದಿದ್ದೆ. ಅವರು 6,000 ಖರ್ಚು ಮಾಡಿ ಬದಲಿಸಿದರು. ಅವರಿಗೆ ಇನ್ನೂ ಹೇಳಿಲ್ಲ.