ಕೆಲಸ ಬಿಟ್ಟು ಸ್ವಂತ ಬಿಸಿನೆಸ್ ಶುರು ಮಾಡುವವರೇ, ಆ ಎಕ್ಸೆಲ್ ಶೀಟ್ ಮುಟ್ಟಬೇಡಿ

ಕೆಲಸ ಬಿಟ್ಟು ಹನ್ನೊಂದು ದಿನ ಆಗಿತ್ತು. ಲೀಗಲ್ ನೋಟಿಸ್ ಬಂತು, ಆರು ಪುಟ. ಐದನೇ ಪುಟದಲ್ಲಿ, ನಾನು ಒಂದು ರಾತ್ರಿ 11.40ಕ್ಕೆ ನನ್ನ ಸ್ವಂತ ಮೇಲ್‌ಗೆ ಕಳಿಸಿಕೊಂಡಿದ್ದ ಎಕ್ಸೆಲ್ ಶೀಟಿನ ಹೆಸರು, ದಿನಾಂಕ, ಸಮಯ ಎಲ್ಲ ಇತ್ತು. ಗ್ರಾಹಕರ ಪಟ್ಟಿ ಅದು.

ಎಂಟು ವರ್ಷ ಒಂದೇ ಕಂಪನಿಯಲ್ಲಿ ಮಷಿನ್ ಸರ್ವಿಸ್ ಕೆಲಸ ಮಾಡಿದ್ದೆ. ಸ್ವಂತದ್ದು ಶುರು ಮಾಡೋಣ ಅನ್ನಿಸಿದಾಗ ಹಳೇ ಆಫರ್ ಲೆಟರ್ ಹುಡುಕಿ ತೆಗೆದೆ. ಕಣ್ಣಿಗೆ ಬಿದ್ದದ್ದು ನಾನ್-ಕಂಪೀಟ್ ಒಂದೇ: ಕೆಲಸ ಬಿಟ್ಟ ಮೇಲೆ ಎರಡು ವರ್ಷ ಇದೇ ವ್ಯವಹಾರ ಮಾಡುವಂತಿಲ್ಲ. ಗೆಳೆಯನಿಗೆ ತೋರಿಸಿದೆ. “ಅದೆಲ್ಲ ಕೋರ್ಟಲ್ಲಿ ನಿಲ್ಲಲ್ಲ ಕಣೋ, ಸುಮ್ನೆ ಹೆದರಿಸೋಕೆ ಹಾಕಿರ್ತಾರೆ” ಅಂದ. ನಾನು ಫೈಲ್ ಮುಚ್ಚಿಟ್ಟೆ.

ಅವನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಭಾರತದ 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ, ಒಬ್ಬರ ನ್ಯಾಯವಾದ ವೃತ್ತಿಗೆ, ವ್ಯಾಪಾರಕ್ಕೆ ಅಡ್ಡ ಬರುವ ಕರಾರು ಅಷ್ಟರ ಮಟ್ಟಿಗೆ ಅಸಿಂಧು. ವ್ಯಾಪಾರವನ್ನೇ ಗುಡ್‌ವಿಲ್ (ಅದು ಗಳಿಸಿದ ಹೆಸರು, ಗ್ರಾಹಕರ ನಂಬಿಕೆ) ಸಮೇತ ಮಾರಿದವರಿಗೆ ಮಾತ್ರ ಬೇರೆ ಲೆಕ್ಕ. ಕ್ಯಾಲಿಫೋರ್ನಿಯಾದಲ್ಲೂ ಹೆಚ್ಚುಕಡಿಮೆ ಹೀಗೇ. ಇಂಗ್ಲೆಂಡಿನಲ್ಲಿ ಮಾತ್ರ ಅವಧಿ, ಜಾಗ, ಕೆಲಸದ ವ್ಯಾಪ್ತಿ ಮಿತಿಯಲ್ಲಿದ್ದರೆ ಇಂಥ ಷರತ್ತು ನಿಲ್ಲುತ್ತದೆ. ಹಾಗಾಗಿ ಬೇರೆ ದೇಶದ ಕಂಪನಿ ಜೊತೆ ಸಹಿ ಹಾಕಿದ್ದರೆ, ಯಾವ ದೇಶದ ಕಾನೂನು ಅನ್ವಯ ಅಂತ ಮೊದಲು ನೋಡಿ.

ನನ್ನನ್ನು ಕಚ್ಚಿದ್ದು ನಾನ್-ಕಂಪೀಟ್ ಅಲ್ಲವೇ ಅಲ್ಲ.

ಕೆಲಸದಲ್ಲಿ ಇರುವಷ್ಟು ದಿನ ನಾವು ಕಂಪನಿಗೆ ಬದ್ಧರು. 1967ರಲ್ಲೇ ಸುಪ್ರೀಂ ಕೋರ್ಟ್ ಗೋಲಿಕರಿ ಪ್ರಕರಣದಲ್ಲಿ, ಕೆಲಸದ ಅವಧಿಯೊಳಗೆ ಸ್ಪರ್ಧಿಗಳ ಜೊತೆ ಕೆಲಸ ಮಾಡಬಾರದು ಎಂಬಂಥ ನಿರ್ಬಂಧವನ್ನು ಎತ್ತಿಹಿಡಿದಿದೆ. ನೋಟಿಸ್ ಪೀರಿಯಡ್ ಕೂಡ ಕೆಲಸದ ಅವಧಿಯೇ ಅಲ್ವಾ? ನಾನು ಅದರ ಮಧ್ಯೆಯೇ ನಾಲ್ಕು ಗ್ರಾಹಕರಿಗೆ ಫೋನ್ ಮಾಡಿ, “ಮುಂದಿನ ತಿಂಗಳಿಂದ ನಾನೇ ಬರ್ತೀನಿ, ರೇಟ್ ನೋಡಿ ಕೊಡ್ತೀನಿ” ಅಂದಿದ್ದೆ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗನನ್ನೂ ಕರೆದಿದ್ದೆ. ಅವನು ಬರಲಿಲ್ಲ, ಆದರೆ ನನ್ನ ಮೆಸೇಜು ಎಚ್‌ಆರ್ ಕೈಗೆ ಹೋಯಿತು.

ಇನ್ನು ಆ ಶೀಟು. ವಕೀಲರು ಮೊದಲು ಕೇಳಿದ್ದೇ ಅದನ್ನು.

“ತೆರೆದು ನೋಡಿದ್ರಾ?”

“ಒಂದ್ಸಲವೂ ಇಲ್ಲ ಸರ್. ನಂಬರ್ ಎಲ್ಲ ನನಗೆ ಬಾಯಿಪಾಠ.”

“ಹಾಗಿದ್ರೆ ಯಾಕ್ರೀ ಕಳಿಸಿಕೊಂಡ್ರಿ?”

ಉತ್ತರ ಇರಲಿಲ್ಲ. 1895ರ ಒಂದು ಇಂಗ್ಲಿಷ್ ಕೇಸಿನ ಬಗ್ಗೆ ಅವರೇ ಹೇಳಿದರು. ಶಿಕಾರಿಗೆಂದು ಸಾಕುವ ಹಕ್ಕಿಗಳ ಮೊಟ್ಟೆ ಮಾರುವ ವ್ಯಾಪಾರದಲ್ಲಿ ಮ್ಯಾನೇಜರ್ ಆಗಿದ್ದವನು, ಮಾಲೀಕನ ಆರ್ಡರ್ ಪುಸ್ತಕದಿಂದ ಗ್ರಾಹಕರ ಹೆಸರು, ವಿಳಾಸ ಗುಟ್ಟಾಗಿ ಬರೆದುಕೊಂಡು ಹೋಗಿ ಸ್ವಂತ ವ್ಯಾಪಾರ ತೆರೆದನಂತೆ. ಕೋರ್ಟಿನಲ್ಲಿ ಸೋತ. ಆಗ ಪುಸ್ತಕ, ಈಗ ಎಕ್ಸೆಲ್, ಅಷ್ಟೇ ವ್ಯತ್ಯಾಸ. ತಲೆಯಲ್ಲಿ ತಾನಾಗೇ ಉಳಿದದ್ದಕ್ಕೂ ನಕಲು ಮಾಡಿಕೊಂಡು ಹೋದದ್ದಕ್ಕೂ ಕೋರ್ಟು ತುಂಬಾ ವ್ಯತ್ಯಾಸ ಮಾಡುತ್ತದಂತೆ.

ಇದರ ಮೇಲೆ ಇನ್ನೊಂದು ಎಡವಟ್ಟು. ನೋಟಿಸ್ ನೋಡಿದ ಗಾಬರಿಗೆ ಮೇಲ್ ಡಿಲೀಟ್ ಮಾಡಿಬಿಟ್ಟಿದ್ದೆ. ವಕೀಲರಿಗೆ ಸಿಟ್ಟು ಬಂದದ್ದು ಅದಕ್ಕೇ ಜಾಸ್ತಿ. ಸಾಕ್ಷ್ಯ ಅಳಿಸಿದ ಹಾಗಾಯಿತು ಅಂದರು. ಸಾಲದ್ದಕ್ಕೆ ಕೊನೆಯ ದಿನ ಎಚ್‌ಆರ್ ಕೊಟ್ಟ ಒಂದು ಫಾರ್ಮಿಗೆ, ನಿಂತಲ್ಲೇ, ಲ್ಯಾಪ್‌ಟಾಪ್ ವಾಪಸ್ ಕೊಡುತ್ತಾ ಸಹಿ ಹಾಕಿದ್ದೆ. “ಕಂಪನಿಯ ಯಾವ ಮಾಹಿತಿಯೂ ನನ್ನ ಬಳಿ ಇಲ್ಲ” ಅಂತ ಅದರಲ್ಲಿತ್ತು.

ಕೋರ್ಟಿಗೆ ಹೋಗದೆ ರಾಜಿಯಲ್ಲಿ ಮುಗಿಸಿದೆವು. ಒಂದು ವರ್ಷ ಆ ಪಟ್ಟಿಯ ಗ್ರಾಹಕರಿಂದ ಕೆಲಸ ತೆಗೆದುಕೊಳ್ಳುವುದಿಲ್ಲ ಅಂತ ಬರೆದುಕೊಟ್ಟೆ. ಅಷ್ಟರಲ್ಲಿ ಗ್ರಾಹಕರಿಗೂ ಕಂಪನಿಯಿಂದ ಪತ್ರ ಹೋಗಿತ್ತು. ಮೊದಲ ಆರ್ಡರ್ ಕೊಡುತ್ತೇನೆ ಎಂದಿದ್ದವರು ಆಗಲೇ ಹಿಂದೆ ಸರಿದಿದ್ದರು.

ನೀವು ರಾಜೀನಾಮೆ ಬರೆಯುವ ಮುಂಚೆ ಆಫರ್ ಲೆಟರ್ ಮಾತ್ರ ನೋಡಬೇಡಿ. ಸೇರಿದ ದಿನ ಸಹಿ ಹಾಕಿದ ಗೋಪ್ಯತೆಯ ಕರಾರು, ಕಂಪನಿಯ ನಿಯಮಗಳ ಪುಸ್ತಕ, ಷೇರು ಕೊಟ್ಟಿದ್ದರೆ ಅದರ ಕಾಗದ, ಎಲ್ಲವನ್ನೂ ವಕೀಲರ ಮುಂದೆ ಇಡಿ. ನಾನು ಇದನ್ನು ನೋಟಿಸ್ ಬಂದ ಮೇಲೆ ಮಾಡಿದೆ.

ಆ ಒಂದು ವರ್ಷ ಮುಗಿಯೋಕೆ ಇನ್ನೂ ನಾಲ್ಕು ತಿಂಗಳಿದೆ. ಹಳೇ ಗ್ರಾಹಕರು ತಾವಾಗೇ ಫೋನ್ ಮಾಡಿದರೂ ನಾನು ಎತ್ತುತ್ತಿಲ್ಲ.