ಹೈ ಸ್ಟಾಲ್ ಕನ್ವರ್ಟರ್: ಹೈವೇಯಲ್ಲಿ ಹಬ್ಬ, ಮನೆ ಗೇಟಿನಲ್ಲಿ ತಲೆನೋವು

ನನ್ನ ಆಟೊಮ್ಯಾಟಿಕ್ ಕಾರಿಗೆ ಹೈ ಸ್ಟಾಲ್ ಟಾರ್ಕ್ ಕನ್ವರ್ಟರ್ ಹಾಕಿಸಿದ್ದೇನೆ. ಎಂಜಿನ್‌ನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ ಅದು. ಪಿಕಪ್ ಬಗ್ಗೆ ನನ್ನದೇನೂ ದೂರಿಲ್ಲ. ಬಾಗೇಪಲ್ಲಿ ಟೋಲ್ ದಾಟಿ ಆಕ್ಸಿಲರೇಟರ್ ಒತ್ತಿದರೆ ಗಾಡಿ ಈಗ ಮುಂಚಿನ ಹಾಗೆ ಮೀನಮೇಷ ಎಣಿಸುವುದಿಲ್ಲ. ಟರ್ಬೊ ಅಷ್ಟೊತ್ತಿಗೆ ಎದ್ದಿರುತ್ತದೆ, ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ದುಡ್ಡು ಕೊಟ್ಟಿದ್ದು ಇದಕ್ಕೇ, ಅದು ಸಿಕ್ಕಿದೆ. ಆದರೆ ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಈ ಕನ್ವರ್ಟರ್ ಏನು ಆಟ ಆಡುತ್ತದೆ ಅಂತ ಮಾರುವವರು ಯಾರೂ ಹೇಳುವುದಿಲ್ಲ. ಅದನ್ನು ಹೇಳೋಣ ಅಂತಲೇ ಬರೆಯುತ್ತಿದ್ದೇನೆ.

ನನ್ನದು ಎರಡು ಲೀಟರ್ ಟರ್ಬೊ ಪೆಟ್ರೋಲ್ ಸೆಡಾನ್, ಎಂಟು ಗೇರಿನ ಆಟೊಮ್ಯಾಟಿಕ್, ಸೆಕೆಂಡ್ ಹ್ಯಾಂಡ್. ಹಳೇ ಮಾಲೀಕರು ಗೇರ್ ಆಯಿಲ್ ಮುಟ್ಟೇ ಇರಲಿಲ್ಲ. ಅದು ಗಾಡಿ ಇರುವವರೆಗೂ ಬರುತ್ತದೆ ಅಂತ ನಂಬಿದ್ದರು. ಗೇರ್‌ಬಾಕ್ಸ್ ತಯಾರಿಸುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವೇ 8 ವರ್ಷಕ್ಕೆ ಆಯಿಲ್ ಬದಲಿಸಿ ಅನ್ನುತ್ತದೆ. ನನ್ನ ಕೈಗೆ ಬರುವ ಹೊತ್ತಿಗೆ ಕನ್ವರ್ಟರ್ ಜಾರದ ಹಾಗೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಬೆಸೆಯುವ ಲಾಕಪ್ ಕ್ಲಚ್ಚಿನ ಲೈನಿಂಗ್ ಸವೆದಿತ್ತು. ಎಪ್ಪತ್ತರಲ್ಲಿ ಒಂದೇ ಸಮ ಹೋಗುವಾಗ ಸಣ್ಣ ನಡುಕ ಬರುತ್ತಿತ್ತು, ನುಣ್ಣಗಿನ ರಸ್ತೆಯಲ್ಲೂ ಕಪ್ ಹೋಲ್ಡರ್‌ನಲ್ಲಿದ್ದ ಚಿಲ್ಲರೆ ಕಿಣಿಕಿಣಿ ಅನ್ನುತ್ತಿತ್ತು.

ಕನ್ವರ್ಟರ್ ಹೇಗೂ ಇಳಿಸಬೇಕು, ಇಳಿಸಿದ ಮೇಲೆ ಸ್ವಲ್ಪ ಜೋರಿನದೇ ಇರಲಿ ಅನ್ನುವ ಆಸೆ. ಹೊರದೇಶದಿಂದ ತರಿಸಿದರೆ ಸಾಗಾಟ, ಕಸ್ಟಮ್ಸ್ ಎಲ್ಲ ಸೇರಿ ನನ್ನ ಬಜೆಟ್‌ಗೆ ಎಟುಕುವ ಮಾತಲ್ಲ. ಕೊನೆಗೆ ಬೆಂಗಳೂರಿನ ಒಂದು ವರ್ಕ್‌ಶಾಪಿನವರು ನನ್ನ ಹಳೇ ಕನ್ವರ್ಟರನ್ನೇ ಲೇತ್‌ಗೆ ಹಾಕಿ ಬಿಚ್ಚಿ, ಹೊಸ ಲೈನಿಂಗ್ ಕೂರಿಸಿ, ಸ್ಟೇಟರ್ (ಒಳಗೆ ಆಯಿಲ್ ಹರಿವಿನ ದಿಕ್ಕು ತಿರುಗಿಸುವ ರೆಕ್ಕೆಚಕ್ರ) ಬೇರೆ ಹಾಕಿ, ಮತ್ತೆ ವೆಲ್ಡ್ ಮಾಡಿ, ಬ್ಯಾಲೆನ್ಸ್ ನೋಡಿ ಕೊಟ್ಟರು. ಕೂಲಿ ಸೇರಿ ಒಂದು ಒಳ್ಳೇ ಸ್ಕೂಟರ್ ಬರುವಷ್ಟು ದುಡ್ಡು ಹೋಯಿತು.

ಸ್ಟಾಲ್ ಅಂದರೆ, ಚಕ್ರ ಕದಲದ ಹಾಗೆ ಹಿಡಿದು ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಎಂಜಿನ್ ಏರಿ ನಿಲ್ಲುವ ಆರ್‌ಪಿಎಂ. ಆದರೆ ಶಾಪಿನವರು ಹೇಳುವ ನಂಬರ್ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಅದು ಎಂಜಿನ್ ಎಷ್ಟು ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ ಅನ್ನುವುದರ ಮೇಲೆ ನಿಂತಿದೆ. ಟಾರ್ಕ್ ಜಾಸ್ತಿಯಾದರೆ ಅದೇ ಕನ್ವರ್ಟರ್‌ನ ಸ್ಟಾಲೂ ಏರುತ್ತದೆ, ಹೆಚ್ಚುಕಮ್ಮಿ ವರ್ಗಮೂಲದ ಲೆಕ್ಕದಲ್ಲಿ. 350 ನ್ಯೂಟನ್ ಮೀಟರ್‌ಗೆ 2600 ಆರ್‌ಪಿಎಂ ಅಂತ ಕಟ್ಟಿದ್ದು, ಮ್ಯಾಪ್ ಹಾಕಿಸಿ, ಅಂದರೆ ಎಂಜಿನ್ ಕಂಪ್ಯೂಟರ್‌ನ ಪ್ರೋಗ್ರಾಂ ಬದಲಿಸಿ, 420 ಆದ ಎಂಜಿನ್‌ನಲ್ಲಿ 2850ರ ಹತ್ತಿರ ಹೋಗಿ ನಿಲ್ಲುತ್ತದೆ. ನನ್ನ ಗಾಡಿಗೆ ಮ್ಯಾಪ್ ಆಗಲೇ ಆಗಿತ್ತು. ಬಿಲ್ ಬರೆಯುವ ಮುಂಚೆ ಶಾಪಿನವರು ಕೇಳಬೇಕಿದ್ದ ಮೊದಲ ಪ್ರಶ್ನೆ ಇದು. ಕೇಳಲಿಲ್ಲ.

ಇನ್ನು ಗೇಟಿನ ಕಥೆ. ಚಿಕ್ಕಬಳ್ಳಾಪುರದಲ್ಲಿ ನಮ್ಮ ಮನೆ ರಸ್ತೆಗಿಂತ ಎತ್ತರ. ಗೇಟಿನ ಮುಂದೆ ಚರಂಡಿ ಮೇಲೆ ಎರಡು ಚಪ್ಪಡಿ, ಅದರಾಚೆ ಸಣ್ಣ ಏರು. ಮುಂಚೆ ಡ್ರೈವ್‌ಗೆ ಹಾಕಿ ಬ್ರೇಕ್ ಬಿಟ್ಟರೆ ಸಾಕು, ಗಾಡಿ ತಾನಾಗಿ ತೆವಳಿಕೊಂಡು ಒಳಗೆ ಹೋಗುತ್ತಿತ್ತು. ಈಗ ಬ್ರೇಕ್ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಸ್ವಲ್ಪ ಒತ್ತಿದರೆ ಎಂಜಿನ್ ಕೂಗುತ್ತದೆ, ಚಕ್ರ ಕದಲುವುದಿಲ್ಲ. ಇನ್ನೊಂದು ಕೂದಲೆಳೆಯಷ್ಟು ಒತ್ತಿದರೆ ಚಪ್ಪಡಿ ಅಂಚು ಹತ್ತಿ ನೇರ ತುಳಸಿ ಕುಂಡದ ಕಡೆಗೆ ನೆಗೆತ. ಹಾಗಾಗಿ ದಿನಾ ಸಂಜೆ ಒಂದು ಕ್ರಮ ಇದೆ. ಎಡಗಾಲು ಬ್ರೇಕ್ ಮೇಲೆ ಹಗುರವಾಗಿ, ಬಲಗಾಲು ಆಕ್ಸಿಲರೇಟರ್ ಮೇಲೆ. ಮುಂದಿನ ಚಕ್ರ ಚಪ್ಪಡಿ ಹತ್ತಿದ್ದು ಸ್ಟೀರಿಂಗ್‌ನಲ್ಲಿ ಗೊತ್ತಾಗುತ್ತದೆ, ಆಗ ಬಲಗಾಲು ಎತ್ತಬೇಕು. ನಾನು ಹಾರ್ನ್ ಹೊಡೆದರೆ ಅಪ್ಪ ಮೊದಲು ಕುಂಡ ಪಕ್ಕಕ್ಕೆ ಸರಿಸಿ, ಆಮೇಲೆ ಗೇಟ್ ತೆಗೆಯುತ್ತಾರೆ. ಅಮ್ಮ ಅಡುಗೆಮನೆಯಿಂದಲೇ, "ಏನೋ ಅದು, ದಿನಾ ಹಂಗೆ ಅರಚ್ಕೊಳ್ತದೆ? ಮೊದಲಿದ್ದುದೇ ಚೆನ್ನಾಗಿತ್ತಲ್ವಾ?" ಅಂತಾರೆ.

ಅಮ್ಮನ ಪ್ರಶ್ನೆಗೆ ಬಿ.ಬಿ. ರಸ್ತೆಯ ಬೆಳಗಿನ ಟ್ರಾಫಿಕ್‌ನಲ್ಲಿ ನನ್ನ ಹತ್ತಿರವೂ ಉತ್ತರ ಇರುವುದಿಲ್ಲ. ಹಂಪ್, ಆಟೊ, ಮತ್ತೆ ಹಂಪ್. ಕನ್ವರ್ಟರ್ ಜಾರುತ್ತಿದ್ದಷ್ಟೂ ಶಕ್ತಿ ಆಯಿಲ್ ಬಿಸಿಯಾಗುವುದಕ್ಕೇ ಹೋಗುತ್ತದೆ. ಒಂದು ಭಾನುವಾರ ನಂದಿ ಬೆಟ್ಟದ ಕ್ಯೂನಲ್ಲಿ ಸಿಕ್ಕಿಹಾಕಿಕೊಂಡಾಗ ಫೋನಿನ ಆಪ್‌ನಲ್ಲಿ ಗೇರ್ ಆಯಿಲ್ ಬಿಸಿ ಏರುತ್ತಲೇ ಹೋಗಿದ್ದು ನೋಡಿ, ಕೆಳಗಿಳಿದ ಮೇಲೆ ಮಾಡಿದ ಮೊದಲ ಕೆಲಸ ಬೇರೆ ಆಯಿಲ್ ಕೂಲರ್ ಹಾಕಿಸಿದ್ದು. ಅದರ ಖರ್ಚು ಬೇರೆ. ಹೈ ಸ್ಟಾಲ್ ಹಾಕಿಸುವವರು ಕೂಲರನ್ನೂ ಅದೇ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಇಷ್ಟೆಲ್ಲ ಬೈದ ಮೇಲೂ ವಾಪಸ್ ಹಳೇದನ್ನೇ ಹಾಕಿಸುತ್ತೀಯಾ ಅಂದರೆ ಇಲ್ಲ. ಕಾರಣ ಪಿಕಪ್ ಅಲ್ಲ, ಲಾಕಪ್. ಮ್ಯಾಪ್ ಹಾಕಿದ ಹುಡುಗನ ಹತ್ತಿರ ಮತ್ತೆ ಹೋಗಿ ಗೇರ್‌ಬಾಕ್ಸ್ ಕಲಿತಿಟ್ಟುಕೊಂಡಿದ್ದ ಹಳೇ ಲೆಕ್ಕ (ಅಡಾಪ್ಟೇಶನ್) ಅಳಿಸಿ, ಎರಡನೇ ಗೇರಿನಿಂದಲೇ ಬೇಗ ಲಾಕ್ ಆಗುವ ಹಾಗೆ ಮಾಡಿಸಿದೆ. ಲಾಕ್ ಆದ ಮೇಲೆ ಸ್ಟಾಲ್ ಎಷ್ಟಿದ್ದರೂ ಒಂದೇ, ಜಾರುವ ಮಾತೇ ಇಲ್ಲ. ಕೆಲಸಕ್ಕೆ ಶಿಡ್ಲಘಟ್ಟಕ್ಕೆ ಹೋಗುವಾಗ ರೇಷ್ಮೆಗೂಡಿನ ಟೆಂಪೊ ಹಿಂದೆ ಹದವಾಗಿ ಸಾಗುತ್ತೇನೆ. ಟ್ಯಾಕೊಮೀಟರ್ ಮುಳ್ಳು ನೂರಿನ್ನೂರು ಕೆಳಗಿಳಿದು ಗಪ್ಪನೆ ನಿಲ್ಲುವುದನ್ನು ನೋಡುವುದೇ ಒಂದು ಸುಖ. ಹಳೇ ನಡುಕ ಪೂರ್ತಿ ಹೋಗಿದೆ, ಚಿಲ್ಲರೆ ಸುಮ್ಮನಿದೆ. ಮೈಲೇಜ್ ಊರೊಳಗೆ ಬಿದ್ದಿದೆ, ಹೈವೇಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಸುಖಕ್ಕೆ ಹೊಸ ಲೈನಿಂಗ್ ಒಂದೇ ಸಾಕಿತ್ತಲ್ಲ ಅಂತ ನೀವು ಕೇಳಬಹುದು. ನಿಜ. ಆದರೆ ಬಾಗೇಪಲ್ಲಿ ಟೋಲೂ ಇದೆಯಲ್ಲ!

ಹಾಕಿಸುವ ದಿನ ಪಕ್ಕದಲ್ಲೇ ನಿಂತಿರಿ. ಕನ್ವರ್ಟರ್ ಪೂರ್ತಿ ಒಳಗೆ ಕೂತಿರಬೇಕು, ಗೇರ್‌ಬಾಕ್ಸ್ ಎಂಜಿನ್‌ಗೆ ಸೇರಿಸಿ ಬಿಗಿದ ಮೇಲೂ ಅದು ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ಆಯಿಲ್ ಪಂಪ್ ಒಡೆದೀತು. ಆಯಿಲ್ ಮಟ್ಟವನ್ನು ಎಂಜಿನ್ ಓಡುತ್ತಿರುವಾಗ, ಆಯಿಲ್ 40 ಡಿಗ್ರಿ ಆಸುಪಾಸು ಇರುವಾಗ ನೋಡಬೇಕು. ತುಂಬಿಸುವ ತೂತಿನಿಂದ ಸಣ್ಣಗೆ ತೊಟ್ಟಿಕ್ಕಿದರೆ ಸರಿ.

ನಿಮ್ಮ ಗಾಡಿ ಬರೀ ಭಾನುವಾರ ಹೊರಗೆ ಬರುವುದಾದರೆ, ಗೇಟು ಸಮತಟ್ಟಾಗಿದ್ದರೆ, ಧೈರ್ಯವಾಗಿ 2600 ಹಾಕಿಸಿ. ನನ್ನ ಹಾಗೆ ದಿನಾ ಓಡಿಸುವವರು ಮ್ಯಾಪ್ ಆದ ಮೇಲಿನ ಟಾರ್ಕ್ ಹೇಳಿ, ಅದರ ಲೆಕ್ಕದಲ್ಲಿ 2300 ದಾಟದ ಹಾಗೆ ಕಟ್ಟಿಸಿಕೊಳ್ಳಿ. ಮೊನ್ನೆ ಶಾಪಿಗೆ ಫೋನ್ ಮಾಡಿ ಗೇಟಿನ ಕಥೆ ಹೇಳಿದೆ. ಸ್ಟೇಟರ್ ಬದಲಿಸಿ ಸ್ಟಾಲ್ ಇಳಿಸಿಕೊಡೋಣ ಅಂದರು. ಗೇರ್‌ಬಾಕ್ಸ್ ಮತ್ತೆ ಇಳಿಸಬೇಕಲ್ಲ, ಕೂಲಿ ಯಾರದು ಅಂತ ಕೇಳಿದೆ. "ನಿಮ್ಮದೇ ಸಾರ್" ಅಂದರು. ಸದ್ಯಕ್ಕೆ ಬೇಡ ಅಂತ ಫೋನ್ ಇಟ್ಟೆ.